ಎರಡನೆಯ ಪತ್ರಿಕೆ

ಅವರನ್ನು ಕಂಡರೆ ನನಗೆ ಮೊದಲು ಆಗುತ್ತಿರಲಿಲ್ಲ. ಆಮೇಲೆ ಹೆದರಿಕೆಯಾಯಿತು, ಹೆದರಿಕೆ ಹೋದ ಮೇಲೆ ಸಿಟ್ಟು ಬಂತು. ಆ ಸಿಟ್ಟನ್ನು ನಾನು ಕೆಲವು ವರ್ಷ ಚೆನ್ನಾಗಿಯೇ ಸಾಕಿದೆ. ಮೊನ್ನೆ ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಸ್ಕೂಟರು ನಿಲ್ಲಿಸಿ, "ನಿಮ್ಮ ಗಣಿತದ ಸರ್ ತೀರಿಹೋದರಲ್ಲ ಸರ್, ಎರಡು ವಾರ ಆಯಿತು, ನಿಮಗೆ ಗೊತ್ತಾಗ್ಲಿಲ್ವಾ?" ಎಂದ. ಗೊತ್ತಾಗಿರಲಿಲ್ಲ. ಅವರ ಮನೆ ಅಲ್ಲಿಂದ ನಡೆದರೆ ಹತ್ತು ನಿಮಿಷ. ನಾನು ಹೋಗಲಿಲ್ಲ, ಬಂದ ಬಸ್ಸು ಹತ್ತಿ ಕಾಪುವಿಗೆ ಬಂದುಬಿಟ್ಟೆ. ಹೋಗಿ ಏನು ಹೇಳುವುದೆಂದು ತಿಳಿಯದವನು ಈಗ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಅವರು ನನಗೆ ಕಲಿಸಿದವರಲ್ಲ. ನನ್ನ ಕಾಲೇಜಿನವರೂ ಅಲ್ಲ. ಉಡುಪಿಯ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕರು. ನಾನು ಕಾರ್ಕಳದ ಹತ್ತಿರದ ಇನ್ನೊಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಂಡು, ನನ್ನ ಹುದ್ದೆಗೆ ವಿಶ್ವವಿದ್ಯಾನಿಲಯದ ಮಂಜೂರಾತಿ ಯಾವಾಗ ಬರುತ್ತದೆ ಎಂದು ದಾರಿ ಕಾಯುತ್ತಿದ್ದವನು. ಏಪ್ರಿಲ್ ತಿಂಗಳ ಪದವಿ ಪರೀಕ್ಷೆಗೆ ವಿಶ್ವವಿದ್ಯಾನಿಲಯ ಅವರನ್ನು ನಮ್ಮ ಕಾಲೇಜಿಗೆ ಚೀಫ್ ಸುಪರಿಂಟೆಂಡೆಂಟ್ ಆಗಿ ಕಳಿಸುತ್ತಿತ್ತು. ಅವರ ಮಗಳು ಅವರದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು, ಅವಳು ಬರೆಯುವ ಕೇಂದ್ರದಲ್ಲಿ ತಾವಿರುವುದು ಸರಿಯಲ್ಲವೆಂದು ಅವರೇ ಬರೆದು ಕೇಳಿ ಇಷ್ಟು ದೂರಕ್ಕೆ ಹಾಕಿಸಿಕೊಂಡಿದ್ದರು. ಹಾಗೆ ಮೂರು ವರ್ಷ ಬಂದರು. ನಾನು ಅವರ ಕೈಕೆಳಗಿನ ಸಹಾಯಕ.

ಎತ್ತರದ, ಸಪೂರ ಮನುಷ್ಯ. ಏಪ್ರಿಲಿನ ಉರಿಬಿಸಿಲಿಗೂ ತೋಳಿನ ಗುಂಡಿ ಬಿಚ್ಚದ ಬಿಳಿ ಅಂಗಿ. ಹೆಗಲಿಗೆ ಒಂದು ಕ್ಯಾನ್ವಾಸ್ ಚೀಲ. ಚೀಲದಲ್ಲಿ ಒಂದು ಮೇಣದ ಬತ್ತಿ, ಗೋಣಿ ಸೂಜಿ, ಹುರಿದಾರ, ಬ್ಲೇಡು, ಮತ್ತೆ ಸ್ವಂತದ ಅರಗಿನ ಕಡ್ಡಿ. ಕಾಲೇಜಿನ ಅರಗು ಕಳಪೆಯಂತೆ, ಮುಟ್ಟಿದರೆ ಒಡೆಯುತ್ತದಂತೆ. ಲಕೋಟೆಗೆ ಮುದ್ರೆ ಒತ್ತಿ ಒತ್ತಿ ಅವರ ಬಲಗೈಯ ಹೆಬ್ಬೆರಳಲ್ಲಿ ಸುಟ್ಟ ಕಲೆ ಕಪ್ಪಗೆ ನಿಂತುಬಿಟ್ಟಿತ್ತು. ನಮ್ಮ ಹುಡುಗರು ಅವರಿಗೆ 'ಅರಗು ಸರ್' ಎಂದು ಹೆಸರಿಟ್ಟಿದ್ದರು. ಹುಡುಗರಿಗೆ ಆ ಹೆಸರು ಹೇಳಿಕೊಟ್ಟವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅವರದ್ದೊಂದು ಕ್ರಮವಿತ್ತು. ಪ್ರಶ್ನೆಪತ್ರಿಕೆಗಳ ಪ್ಯಾಕೆಟ್ಟುಗಳು ಮೊದಲೇ ಬಂದು ಎರಡು ಬೀಗದ ಕಬ್ಬಿಣದ ಕಪಾಟಿನಲ್ಲಿ ಇರುತ್ತಿದ್ದವು. ಒಂದು ಬೀಗದ ಕೈ ಅವರಲ್ಲಿ, ಇನ್ನೊಂದು ನಮ್ಮ ಪ್ರಿನ್ಸಿಪಾಲರಲ್ಲಿ. ಪರೀಕ್ಷೆಗೆ ಹತ್ತು ನಿಮಿಷವಿರುವಾಗ ಆ ದಿನದ ಪ್ಯಾಕೆಟ್ಟು ಹೊರತೆಗೆದು, ಮುದ್ರೆ ಸರಿಯಾಗಿದೆ ಎಂದು ಸಹಿ ಹಾಕಿ ಒಡೆಯಬೇಕು. ನಿಯಮ ಅಷ್ಟೇ. ಅವರು ಅದಕ್ಕೆ ತಮ್ಮದೊಂದು ಸೇರಿಸಿದ್ದರು: ಒಡೆಯುವ ಮೊದಲು ಮೇಲಿನ ಬರಹವನ್ನು ಮೂರು ಜನ, ಒಬ್ಬರಾದ ಮೇಲೆ ಒಬ್ಬರು, ಗಟ್ಟಿಯಾಗಿ ಓದಬೇಕು. ವಿಷಯ, ಪತ್ರಿಕೆ, ತಾರೀಕು, ಹೊತ್ತು.

"ಬಾಯಿ ಬಿಟ್ಟು ಓದಿ," ಎನ್ನುತ್ತಿದ್ದರು. "ಕಣ್ಣಿಗೆ ಯಾವಾಗಲೂ ಅವಸರ. ಅದು ಇರುವುದನ್ನು ನೋಡುವುದಿಲ್ಲ, ಇರಬೇಕಾದ್ದನ್ನು ನೋಡ್ತದೆ."

ಮೂವರಲ್ಲಿ ಮೂರನೆಯವನು ನಮ್ಮ ಅಟೆಂಡರು. ಅವನು ಭಕ್ತಿಯಿಂದ ಓದುತ್ತಿದ್ದ. ನಾನು ಬಾಯಲ್ಲೇ ಗೊಣಗಿ ಮುಗಿಸುತ್ತಿದ್ದೆ. ಎಂ.ಎಸ್ಸಿ. ಆದವನಿಗೆ ಇದೆಂತ ಒಂದನೇ ಕ್ಲಾಸಿನ ಮಗ್ಗಿ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆಗಳನ್ನು ಬಟ್ಟೆಯಲ್ಲಿ ಕಟ್ಟಿ, ಹೊಲಿದು, ಕಾರ್ಕಳದ ಅಂಚೆ ಕಚೇರಿಗೆ ಒಯ್ಯುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಆ ಕಟ್ಟನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಅದರ ಮೇಲೊಂದು ಕೈ ಇಟ್ಟುಕೊಳ್ಳುತ್ತಿದ್ದರು. "ಪೊರ್ಬುಲೇ, ಮೂಟೆಯನ್ನು ಟಾಪಿಗೆ ಹಾಕುವ, ಜನ ನಿಂತಿದ್ದಾರೆ," ಎಂದು ಒಮ್ಮೆ ಕಂಡಕ್ಟರ್ ಗದರಿದ. ಕೊಂಕಣಿ ಕ್ರಿಶ್ಚಿಯನರನ್ನು ನಮ್ಮ ಕಡೆ ಹಾಗೆ ಕರೆಯುವುದು. ಇವರು ತಣ್ಣಗೆ, "ಅದಕ್ಕೂ ಒಂದು ಟಿಕೆಟ್ ಕೊಡಿ. ಇದರೊಳಗೆ ಇನ್ನೂರು ಜನ ಇದ್ದಾರೆ," ಎಂದರು. ಬಸ್ಸಿನಲ್ಲಿ ಎಲ್ಲರೂ ನಕ್ಕರು. ಅವರು ನಗಲಿಲ್ಲ, ಟಿಕೆಟ್ಟು ತೆಗೆದುಕೊಂಡರು.

ಇನ್ನೊಮ್ಮೆ ಆಡಳಿತ ಮಂಡಳಿಯ ಹಿರಿಯರೊಬ್ಬರು ಬಂದು, "ನಮ್ಮ ಹುಡುಗನನ್ನು ಸ್ವಲ್ಪ ಕಿಟಕಿಯ ಹತ್ತಿರ ಕೂರಿಸಿ ಸರ್, ಅವನಿಗೆ ಸೆಖೆ ತಡೆಯುವುದಿಲ್ಲ," ಎಂದರು. ಯಾವ ಕಿಟಕಿ ಎಂದೂ ಹೇಳಿದರು. ಅದರ ಹೊರಗೆ ಓಣಿ; ಓಣಿಯಲ್ಲಿ ಚೀಟಿ ಕೊಡುವವರು ನಿಲ್ಲುವ ಜಾಗವೆಂದು ಊರಿಗೆಲ್ಲ ಗೊತ್ತು. ಸರ್ ಏನೆನ್ನುತ್ತಾರೆಂದು ನಾನು ನೋಡುತ್ತಿದ್ದೆ. ಸರ್ ಒಪ್ಪಿಕೊಂಡರು. ಹುಡುಗನನ್ನು ಅದೇ ಕಿಟಕಿಯ ಪಕ್ಕದಲ್ಲಿ ಕೂರಿಸಿದರು. ಆಮೇಲೆ ಒಂದು ಕುರ್ಚಿ ತರಿಸಿ, ಓಣಿಯಲ್ಲಿ ಅದೇ ಕಿಟಕಿಯ ಕೆಳಗೆ ಹಾಕಿಸಿ, ಕೊಡೆ ಬಿಡಿಸಿಕೊಂಡು ಮೂರು ಗಂಟೆ ತಾವೇ ಕುಳಿತರು. ಹುಡುಗನಿಗೆ ಗಾಳಿಯೇನೋ ಚೆನ್ನಾಗಿ ಬಂತು.

ಅವರಿಗೆ ಸಿಟ್ಟು ಬರುವುದನ್ನು ನಾನು ಒಂದೇ ವಿಷಯಕ್ಕೆ ಕಂಡದ್ದು. ವಿಶ್ವವಿದ್ಯಾನಿಲಯ ನಮ್ಮ ಜಿಲ್ಲೆಗೆ ಬಂದು ಆಗ ಸ್ವಲ್ಪವೇ ಕಾಲವಾಗಿತ್ತು. ಅದಕ್ಕೆ ಮೊದಲು ನಮ್ಮದೆಲ್ಲ ಘಟ್ಟದ ಮೇಲಿನ ವ್ಯವಹಾರ. ಅಂಕಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದರೆ ಹುಡುಗ ಇಡೀ ರಾತ್ರಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋಗಿ ಬರಬೇಕಿತ್ತು. ಈಗ ಮನೆಬಾಗಿಲಿಗೆ ಬಂದದ್ದನ್ನು ನಮ್ಮವರೇ ಹಗುರ ಮಾಡುತ್ತಿದ್ದರು. "ಎಂತ ಯೂನಿವರ್ಸಿಟಿ ಮಾರಾಯ, ಒಂದು ಗುಡ್ಡೆ, ನಾಲ್ಕು ಕಟ್ಟಡ," ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂದರೆ ಸರ್ ಅವರ ಮುಖ ಕೆಂಪಾಗುತ್ತಿತ್ತು.

"ಹೊಸ ಕೊಡಪಾನ ಸ್ವಾಮೀ," ಎಂದು ಒಮ್ಮೆ ಹೇಳಿದರು. "ಮೊದಲ ವರ್ಷವೇ ಸೋರಿತು ಅಂತ ಆದರೆ ಮತ್ತೆ ಯಾರೂ ಅದರಲ್ಲಿ ನೀರು ತುಂಬಿಸುವುದಿಲ್ಲ. ಸೋರದ ಹಾಗೆ ನೋಡಿಕೊಳ್ಳಬೇಕಾದವರು ನಾವು, ನೀವು."

ಒಂದು ಮೇ ತಿಂಗಳು ಮೌಲ್ಯಮಾಪನಕ್ಕೆಂದು ನಾವಿಬ್ಬರೂ ಆ ಗುಡ್ಡಕ್ಕೆ ಹೋಗಿದ್ದೆವು. ಕೆಂಪು ಮುರಕಲ್ಲಿನ ನೆಲ, ನೆರಳಿಗೊಂದು ಮರವಿಲ್ಲ, ಕ್ಯಾಂಟೀನಿನ ಚಹಾಕ್ಕೆ ಹೊಗೆಯ ವಾಸನೆ. ನನಗೆ ಯಾವಾಗ ಮನೆಗೆ ಹೋದೇನೋ ಎಂದಿತ್ತು. ಅವರು ಮಾತ್ರ ಮಧ್ಯಾಹ್ನ ಊಟ ಬಿಟ್ಟು ನನ್ನನ್ನು ಗಣಿತ ವಿಭಾಗಕ್ಕೆ ಎಳೆದುಕೊಂಡು ಹೋದರು. ರಜೆ, ಯಾರೂ ಇರಲಿಲ್ಲ. ಒಂದು ಖಾಲಿ ತರಗತಿಯೊಳಗೆ ಹೋಗಿ ಮೂರನೆಯ ಬೆಂಚಿನಲ್ಲಿ ಕುಳಿತರು.

"ಇಲ್ಲಿ ನನ್ನ ಮಗಳು ಓದ್ಲಿಕ್ಕುಂಟು," ಎಂದರು. "ನನಗೊಬ್ಬಳು ತಂಗಿ ಇದ್ದಳು. ಲೆಕ್ಕದಲ್ಲಿ ನನಗಿಂತ ಮೇಲೆ. ನಾನು ಘಟ್ಟ ಹತ್ತಿ ಎಂ.ಎಸ್ಸಿ. ಮಾಡಿದೆ. ಹೆಣ್ಣುಮಗಳನ್ನು ಅಷ್ಟು ದೂರ ಯಾರು ಕಳಿಸ್ತಾರೆ? ಅವಳು ಮನೆಯಲ್ಲಿ ಉಳಿದಳು. ನನ್ನ ಮಗಳಿಗೆ ಹಾಗಾಗ್ಲಿಕ್ಕಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಗೆ ಬರಬಹುದು."

ಆಗ ಅಲ್ಲಿ ಎಂ.ಎಸ್ಸಿ. ಸೀಟುಗಳು ಬೆರಳೆಣಿಕೆಯಷ್ಟು. ಅಂಕ ನೋಡಿ ಕೊಡುವುದು. ರ‍್ಯಾಂಕು ಬಂದವರಿಗೆ ಕೇಳದೆಯೇ ಸೀಟು. ಹುಡುಗಿ ಎರಡು ವರ್ಷವೂ ಕಾಲೇಜಿಗೆ ಮೊದಲು. ಅವಳಿಗೆ ರ‍್ಯಾಂಕು ಖಂಡಿತ ಎಂದು ಉಡುಪಿಯವರೆಲ್ಲ ಹೇಳುತ್ತಿದ್ದರು. ಉಳಿದದ್ದು ಕೊನೆಯ ವರ್ಷದ ಪರೀಕ್ಷೆ.

ಆ ಪರೀಕ್ಷೆಯ ದಿನಕ್ಕೆ ಬರುತ್ತೇನೆ.

ಅಂತಿಮ ಬಿ.ಎಸ್ಸಿ. ಗಣಿತದಲ್ಲಿ ಎರಡು ಪತ್ರಿಕೆ. ಆ ದಿನ ಒಂದನೆಯದು, ಮರುದಿನ ಎರಡನೆಯದು. ಹಿಂದಿನ ಸಂಜೆ ಸರ್ ಉತ್ತರಪತ್ರಿಕೆಯ ಕಟ್ಟು ಹೊಲಿಯುತ್ತಿದ್ದಾಗ ಕಪಾಟಿನ ಪ್ಯಾಕೆಟ್ಟುಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸುವ ಕೆಲಸ ನನಗೆ ಬಂತು. ಕಾಪುವಿನ ಬಸ್ಸು ತಪ್ಪುವ ಗಡಿಬಿಡಿಯಲ್ಲಿ ಜೋಡಿಸಿದೆ. ಮೇಲೆ ಇರಬೇಕಾದ್ದು ಕೆಳಗೆ, ಕೆಳಗಿನದು ಮೇಲೆ ಆಯಿತು.

ಬೆಳಿಗ್ಗೆ ಒಂಬತ್ತು ದಾಟಿತ್ತು. ಸರ್ ಮತ್ತು ಪ್ರಿನ್ಸಿಪಾಲರು ಸೇರಿ ಕಪಾಟಿನ ಬೀಗ ತೆಗೆದರು. ಪ್ರಿನ್ಸಿಪಾಲರು ಕೋಣೆಗಳನ್ನು ನೋಡಲು ಹೋದರು. ಅಷ್ಟರಲ್ಲಿ ವರಾಂಡದಲ್ಲಿ ಗದ್ದಲ: ಒಬ್ಬಳು ಹುಡುಗಿ ತಲೆತಿರುಗಿ ಬಿದ್ದಿದ್ದಳು. ಸರ್ ನೀರಿನ ಹೂಜಿ ಹಿಡಿದುಕೊಂಡು ಓಡಿದರು, ಅಟೆಂಡರೂ ಹಿಂದೆ ಓಡಿದ. ಬಾಗಿಲಲ್ಲಿ ತಿರುಗಿ, "ನಾನು ಬರುವವರೆಗೆ ಕೈ ಹಾಕಬೇಡಿ," ಎಂದರು.

ಐದು ನಿಮಿಷವಾಯಿತು, ಎಂಟಾಯಿತು. ಮೇಲ್ವಿಚಾರಣೆಯ ಉಪನ್ಯಾಸಕರು ಪ್ರಶ್ನೆಪತ್ರಿಕೆಗಾಗಿ ಹೊರಗೆ ಸಾಲುಗಟ್ಟಿ, "ಎಂತ ಮಾರಾಯ, ಬೆಲ್ ಆಗ್ತದೆ," ಎಂದು ಬಾಗಿಲು ಬಡಿಯತೊಡಗಿದರು. ನನಗೆ ಕಾಲ ಕೆಳಗೆ ಬೆಂಕಿ ಇಟ್ಟ ಹಾಗಾಯಿತು. ಮೇಲಿದ್ದ ಪ್ಯಾಕೆಟ್ಟು ತೆಗೆದೆ. ಬಾಯಿ ಬಿಟ್ಟು ಓದಲಿಲ್ಲ, ಕಣ್ಣಿಂದಲೂ ಓದಲಿಲ್ಲ. ಕತ್ತರಿ ಹಾಕಿ, ಹಾಳೆಗಳನ್ನು ಎಣಿಸಲೆಂದು ಹೊರಗೆಳೆದೆ.

ತಲೆಬರಹದಲ್ಲಿ 'ಎರಡನೆಯ ಪತ್ರಿಕೆ' ಎಂದಿತ್ತು.

ಕೈಯಲ್ಲಿ ಹಾಳೆ ಹಿಡಿದುಕೊಂಡು ನಿಂತಲ್ಲೇ ನಿಂತೆ. ಆಗಲೇ ಸರ್ ಒಳಗೆ ಬಂದರು. ನನ್ನ ಮುಖ ನೋಡಿ, "ಎಂತ ಆಯಿತು?" ಎಂದರು. ನಾನು ಆಗ ಹಾಳೆಯನ್ನು ಮಗುಚಿ ಹಾಕಬಹುದಿತ್ತು. ಲಕೋಟೆಯೊಳಗೆ ತುರುಕಬಹುದಿತ್ತು. ಬಾಯಲ್ಲಿ ಹೇಳಿದ್ದರೂ ಸಾಕಿತ್ತು. ನಾನು ಹಾಗೆ ಮಾಡಲಿಲ್ಲ, ಹಾಳೆಯನ್ನು ಅವರ ಕೈಗೇ ಕೊಟ್ಟೆ.

ಅವರು ನೋಡಿದರು. ನೋಡಿದ್ದು ಹತ್ತು ಸೆಕೆಂಡು ಇರಬಹುದು. ರಸಾಯನಶಾಸ್ತ್ರದ ನನಗೆ ಆ ಹಾಳೆ ಗ್ರೀಕ್ ಅಕ್ಷರಗಳ ಸಂತೆ. ಗಣಿತದ ಮನುಷ್ಯನಿಗೆ ಹತ್ತು ಸೆಕೆಂಡು ಬೇಕಾದಷ್ಟಾಯಿತು. ಅವರ ಕೆಳದವಡೆ ಒಮ್ಮೆ ಅಲುಗಿತು. ಹಾಳೆಯನ್ನು ಮೇಜಿನ ಮೇಲೆ ಕವುಚಿ ಹಾಕಿದರು. ಅಟೆಂಡರನ್ನು ಕರೆದು ಮೇಣದ ಬತ್ತಿ ಹಚ್ಚಿಸಿದರು. ಎಲ್ಲ ಹಾಳೆಗಳನ್ನು ಒಳಗೆ ಹಾಕಿ, ಹೊಸ ಲಕೋಟೆಯಲ್ಲಿಟ್ಟು, ಐದು ಕಡೆ ಅರಗು ಸುರಿದು ಮುದ್ರೆ ಒತ್ತಿದರು. ಗಡಿಯಾರ ನೋಡಿ ಹೊತ್ತು ಬರೆದು ಸಹಿ ಹಾಕಿಸಿದರು. ಸರಿಯಾದ ಪ್ಯಾಕೆಟ್ಟನ್ನು ಕೈಗೆತ್ತಿಕೊಂಡು, "ಓದಿ," ಎಂದರು. ನಾನು ಓದಿದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ. "ಗಟ್ಟಿಯಾಗಿ," ಎಂದರು. ಪರೀಕ್ಷೆ ಒಂದು ನಿಮಿಷವೂ ತಡವಾಗದೆ ಶುರುವಾಯಿತು.

ಗಂಟೆ ಹೊಡೆದ ಮೇಲೆ ಕಾರಿಡಾರಿನಲ್ಲಿ ಅವರ ಹಿಂದೆ ಬಿದ್ದೆ.

"ಸರ್, ಪುನಃ ಅರಗು ಹಾಕಿ ಆಯಿತಲ್ಲ. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ನನ್ನ ಅಪ್ರೂವಲ್ ಬರ್ಲಿಕ್ಕೆ ಬಾಕಿ ಉಂಟು ಸರ್."

"ಅರಗು ಹಾಕ್ಲಿಕ್ಕೆ ಕಳ್ಳರಿಗೂ ಬರ್ತದೆ," ಎಂದರು.

ಸ್ವಲ್ಪ ದೂರ ನಡೆದ ಮೇಲೆ ನನಗೆ ಅವರ ಮಗಳ ನೆನಪಾಯಿತು. ಮರುದಿನ ಇದೇ ಪತ್ರಿಕೆಯನ್ನು ಅವಳು ಉಡುಪಿಯಲ್ಲಿ ಬರೆಯಬೇಕು. ನನ್ನ ಜೀವಮಾನದ ಒಂದೇ ಒಂದು ದೊಡ್ಡ ಮನಸ್ಸಿನ ಮಾತನ್ನು ಆಗ ಆಡಿದೆ.

"ಹಾಗಾದರೆ ನಾನೊಬ್ಬನೇ ನೋಡಿದೆ ಅಂತ ಬರೆಯಿರಿ ಸರ್. ನನ್ನ ಕೆಲಸ ಹೇಗೂ ಹೋಯಿತು. ನೀವು ನೋಡಿದ್ದು ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ."

ಅವರು ನಿಂತರು. "ನೀವು ಯಾರಿಗೂ ಹೇಳುವುದಿಲ್ಲವಾ?"

"ಖಂಡಿತ ಇಲ್ಲ."

"ಹತ್ತು ವರ್ಷ ಬಿಟ್ಟು?"

ನಾನು ಉತ್ತರ ಕೊಡಲು ತಡ ಮಾಡಿದೆ. ಅವರು ತಲೆಯಾಡಿಸಿ ಮುಂದೆ ನಡೆದರು. ಈಗ ಬರೆಯುತ್ತಿದ್ದೇನಲ್ಲ, ಅವರಿಗೆ ಅವತ್ತೇ ನನ್ನ ಪರಿಚಯವಿತ್ತು.

ಪ್ರಿನ್ಸಿಪಾಲರ ಕೋಣೆಯಿಂದ ವಿಶ್ವವಿದ್ಯಾನಿಲಯಕ್ಕೆ ಲೈಟ್ನಿಂಗ್ ಕಾಲ್, ಎಂದರೆ ಎಲ್ಲಕ್ಕಿಂತ ಬೇಗ ಸಿಗಬೇಕಾದ ಟ್ರಂಕ್ ಕಾಲ್, ಬುಕ್ ಮಾಡಿದರು. ಹೆಸರು ಮಿಂಚು, ಸಿಗುವಾಗ ಹನ್ನೊಂದೂವರೆ. ನಾನು ಗೋಡೆಗೆ ಒರಗಿ ನಿಂತಿದ್ದೆ. ಸರ್ ಎಲ್ಲವನ್ನೂ ಹೇಳಿದರು: ನಾನು ಜೋಡಿಸಿದ್ದು, ಅವರಿಲ್ಲದಾಗ ಒಡೆದದ್ದು, ಇಬ್ಬರೂ ನೋ‍ಡಿದ್ದು. ಆ ಕಡೆಯಿಂದ ಏನೋ ಕೇಳಿದರು.

"ಉಂಟು," ಎಂದರು ಸರ್. "ನನ್ನ ಮಗಳು ಬರೆಯುತ್ತಿದ್ದಾಳೆ. ಉಡುಪಿ ಸೆಂಟರು."

ಅಧಿಕಾರಿ ಒಳ್ಳೆಯ ಮನುಷ್ಯನಿರಬೇಕು. ಒಂದು ರಾತ್ರಿಯಲ್ಲಿ ಪತ್ರಿಕೆ ಬದಲಾಯಿಸಲು ಸಾಧ್ಯವಿಲ್ಲವಂತೆ. ನೀವಿಬ್ಬರೂ ನಾಳೆ ಪರೀಕ್ಷೆ ಶುರುವಾಗುವವರೆಗೆ ಕಾಲೇಜು ಬಿಟ್ಟು ಹೋಗಬೇಡಿ, ಯಾರ ಹತ್ತಿರವೂ ಮಾತಾಡಬೇಡಿ. ಮಗಳು ಬರೆಯಲಿ, ಅಡ್ಡಿಯಿಲ್ಲ ಎಂದರಂತೆ. ಪ್ರಿನ್ಸಿಪಾಲರು ಕುರ್ಚಿಗೆ ಒರಗಿ, "ಸದ್ಯ, ಮುಗಿಯಿತಲ್ಲ," ಎಂದು ಉಸಿರು ಬಿಟ್ಟರು.

"ಮುಗಿಯಲಿಲ್ಲ," ಎಂದರು ಸರ್. ಮೊದಲ ಸಲ ಕುಳಿತುಕೊಂಡರು. "ಆ ಪತ್ರಿಕೆಯ ಒಂದು ದೊಡ್ಡ ಪ್ರಶ್ನೆಯನ್ನು ಮೊನ್ನೆ ಭಾನುವಾರ ಚರ್ಚಿನಿಂದ ಬಂದು ನಾನು ಅವಳಿಗೆ ಮಾಡಿಸಿದ್ದೇನೆ. ಬರಬಹುದು ಅಂತ ಅಂದಾಜು. ನಾಳೆ ಅವಳು ಅದನ್ನು ಬರೀತಾಳೆ. ಪುಸ್ತಕದ ಕ್ರಮ ಅಲ್ಲ ಅದು, ನನ್ನ ಕ್ರಮ. ಒಂದೊಂದು ಹೆಜ್ಜೆಯೂ ನನ್ನದು. ವ್ಯಾಲ್ಯುವೇಶನ್ನಿನಲ್ಲಿ ಇರುವವರೆಲ್ಲ ನನ್ನ ಜತೆಯವರು, ನೋಡಿದರೆ ಗೊತ್ತಾಗ್ತದೆ. ಅಪ್ಪ ಇಲ್ಲಿ ಪ್ಯಾಕೆಟ್ ಒಡೆದದ್ದೂ ಅಷ್ಟೊತ್ತಿಗೆ ಗೊತ್ತಾಗಿರ್ತದೆ. ಎರಡನ್ನೂ ಕೂಡಿಸ್ಲಿಕ್ಕೆ ಗಣಿತ ಬೇಡ."

"ಮೊನ್ನೆಯ ಭಾನುವಾರ ಅಲ್ವಾ? ಇವತ್ತು ಒಡೆದದ್ದು," ಎಂದರು ಪ್ರಿನ್ಸಿಪಾಲರು.

"ಭಾನುವಾರ ಅಂತ ಯಾರು ಹೇಳ್ತಾರೆ? ನಾನು. ಮನೆಗೆ ಹೋಗಲಿಲ್ಲ ಅಂತ ಯಾರು ಹೇಳ್ತಾರೆ? ಇವರು," ಎಂದು ನನ್ನ ಕಡೆ ಕೈ ತೋರಿಸಿದರು. "ಅವಳು ನಾಳೆ ಬರೆಯುವುದು ಬೇಡ. ಅಕ್ಟೋಬರಿನಲ್ಲಿ ಬರೆಯಲಿ."

ಪ್ರಿನ್ಸಿಪಾಲರು ಎದ್ದೇ ನಿಂತರು. "ಎಂತ ಮಾತಾಡ್ತೀರಿ ಮಾರಾಯ್ರೇ? ಒಂದೇ ಸಲಕ್ಕೆ ಪಾಸಾಗದಿದ್ದರೆ ರ‍್ಯಾಂಕಿಲ್ಲ. ಅಕ್ಟೋಬರಿನಲ್ಲಿ ಪಾಸಾದರೆ ಈ ವರ್ಷ ಸೀಟಿಲ್ಲ. ಯೂನಿವರ್ಸಿಟಿಯವರೇ ಬರೆಯಲಿ ಅಂತ ಹೇಳಿದ್ದಾರೆ. ಆ ಹುಡುಗಿ ಎಂತ ತಪ್ಪು ಮಾಡಿದ್ದಾಳೆ?"

"ಏನೂ ಇಲ್ಲ. ಅದಕ್ಕೇ ಅವಳ ಹೆಸರಿಗೆ ಏನೂ ಅಂಟಬಾರದು," ಎಂದರು. ಬೆವರು ಒರೆಸಿಕೊಂಡರು. "ನಾನು ಅವಳ ಹತ್ತಿರ ಮಾತಾಡುವ ಹಾಗಿಲ್ಲ. ಇವರೂ ಇಲ್ಲ. ನೀವೇ ಹೇಳಬೇಕು."

ಅವರ ಮನೆಯಲ್ಲಿ ಫೋನಿರಲಿಲ್ಲ. ಸಂತೆಕಟ್ಟೆಯ ಔಷಧದ ಅಂಗಡಿಯಲ್ಲಿತ್ತು. ಅಂಗಡಿಯವರು ಹುಡುಗಿಗೆ ಹೇಳಿ ಕಳಿಸಿ, ಅವಳು ಬಂದು ನಿಂತು, ಪುನಃ ಕಾಲ್ ಸಿಗುವಾಗ ನಾಲ್ಕು ಗಂಟೆ. ಸರ್ ಕೋಣೆಯಿಂದ ಹೊರಗೆ ಹೋಗಿ ಅಂಗಳದ ತುದಿಯಲ್ಲಿ ಬೆನ್ನು ಹಾಕಿ ನಿಂತರು. ನನ್ನನ್ನೂ ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಕಿಟಕಿಯಿಂದ ಪ್ರಿನ್ಸಿಪಾಲರ ಸ್ವರ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆ ಐದು ನಿಮಿಷ ನಾನು ನೆಲದ ಇರುವೆಗಳನ್ನು ನೋಡುತ್ತಿದ್ದೆ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಹಾಗೆ ಅನ್ನಿಸಿತು.

ಪ್ರಿನ್ಸಿಪಾಲರು ಹೊರಗೆ ಬಂದರು. "ಪಪ್ಪಾನೇ ಹೇಳಿದ್ದಾ ಅಂತ ಕೇಳಿದಳು. ಹೌದು ಅಂದೆ. ಆಗ್ಲಿ ಸರ್ ಅಂತ ಹೇಳಿ ಇಟ್ಟಳು."

"ಅಳಲಿಲ್ಲವಾ?"

"ಇಲ್ಲ."

"ಅಳುವುದಿಲ್ಲ ಅವಳು," ಎಂದರು. ಅವರ ಮುಖದಲ್ಲಿ ಹೆಮ್ಮೆಯಿತ್ತು.

ರಾತ್ರಿ ನಾವಿಬ್ಬರೂ ನನ್ನ ಲ್ಯಾಬಿನ ಉದ್ದದ ಮೇಜುಗಳ ಮೇಲೆ ಮಲಗಿದೆವು. ಅದರ ಬಗ್ಗೆ ಹೇಳುವುದಕ್ಕೆ ಸೊಳ್ಳೆಗಳ ಹೊರತು ಏನೂ ಇಲ್ಲ. ಮರುದಿನ ಒಂಬತ್ತೂವರೆಗೆ ಗಂಟೆ ಹೊಡೆಯಿತು. ಅರ್ಧ ಗಂಟೆ ತಡವಾಗಿ ಬಂದವರನ್ನೂ ಹಾಲಿಗೆ ಬಿಡಬಹುದು, ಹತ್ತರ ನಂತರ ಬಿಡುವ ಹಾಗಿಲ್ಲ ಎಂಬುದು ನಿಯಮ. ಸರ್ ವರಾಂಡದ ಕಂಬದ ಬಳಿ ನಿಂತು ಕೈಗಡಿಯಾರ ನೋಡುತ್ತಿದ್ದರು. ಒಂಬತ್ತೂ ಮುಕ್ಕಾಲಾಯಿತು. ಒಂಬತ್ತು ಐವತ್ತೈದಾಯಿತು. ಅವಳು ಅಪ್ಪನ ಮಾತು ಮೀರಿ ಹೋಗಿ ಕುಳಿತಿರಲಿ ಎಂದು ಅವರು ಒಳಗೆ ಬೇಡುತ್ತಿದ್ದರೋ ಏನೋ, ನನಗೆ ಈಗಲೂ ಹಾಗೆ ಅನ್ನಿಸುತ್ತದೆ. ನಾನಂತೂ ಬೇಡುತ್ತಿದ್ದೆ. ಹತ್ತಾಯಿತು.

"ಇನ್ನು ಅವಳನ್ನು ಬಿಡುವುದಿಲ್ಲ," ಎಂದರು. ಹಾಲಿನೊಳಗೆ ಹೋಗಿ ಸಾಲುಗಳ ನಡುವೆ ಎಂದಿನ ಹಾಗೆ ನಡೆಯತೊಡಗಿದರು.

ಅವರು ಬರೆದ ವರದಿಯಲ್ಲಿ ನನ್ನ ಹೆಸರು ಇದ್ದಲ್ಲಿಯೇ ಇತ್ತು. ತಮ್ಮ ಗೈರುಹಾಜರಿಯೂ ತಪ್ಪೆಂದು ತಮ್ಮನ್ನೂ ಸೇರಿಸಿಕೊಂಡಿದ್ದರು, ಆದರೆ ನನ್ನದನ್ನು ಒಂದು ಅಕ್ಷರವೂ ಕಡಿಮೆ ಮಾಡಿರಲಿಲ್ಲ. ನನ್ನ ಮಂಜೂರಾತಿ ಒಂದು ವರ್ಷ ತಡವಾಯಿತು. ಪರೀಕ್ಷೆಯ ಕೆಲಸದಿಂದ ಕೆಲವು ವರ್ಷ ದೂರವಿಟ್ಟರು. ಸ್ಟಾಫ್ ರೂಮಿನಲ್ಲಿ ನನಗೆ 'ಕತ್ತರಿ' ಎಂದು ಹೆಸರಾಯಿತು, ಹೆಸರಿಡುವವನಿಗೆ ಹೆಸರು. ಸಿಟ್ಟು ಬಂತು ಎಂದೆನಲ್ಲ, ಆಗ ಬಂದದ್ದು. ಮಗಳನ್ನೇ ಬಿಡದ ಮನುಷ್ಯ ನನ್ನನ್ನು ಬಿಡುತ್ತಾರೆಯೇ ಎಂದು ಮನೆಯಲ್ಲಿ ಹಂಗಿಸಿ ಮಾತಾಡುತ್ತಿದ್ದೆ. ಅವರು ಕಳೆದುಕೊಂಡದ್ದರ ಎದುರು ನನ್ನದು ಏನೂ ಅಲ್ಲವೆಂದು ಗೊತ್ತಿದ್ದುದರಿಂದಲೇ ಸಿಟ್ಟು ಹೆಚ್ಚಾಗುತ್ತಿತ್ತು.

ಹುಡುಗಿ ಅಕ್ಟೋಬರಿನಲ್ಲಿ ಬರೆದಳು. ಮೊದಲ ದರ್ಜೆ ಬಂತು, ರ‍್ಯಾಂಕು ಬರುವ ಹಾಗಿರಲಿಲ್ಲ. ಮರುವರ್ಷ ಎಂ.ಎಸ್ಸಿ.ಗೆ ಅರ್ಜಿ ಹಾಕು ಎಂದು ಸರ್ ಎಷ್ಟು ಹೇಳಿದರೂ ಹಾಕಲಿಲ್ಲವಂತೆ. ಬಿ.ಎಡ್. ಮಾಡಿ ಹೈಸ್ಕೂಲಿಗೆ ಸೇರಿದಳು. ದೇವರು ಎಷ್ಟು ಕುಚೋದ್ಯದವನು ನೋಡಿ, ಅವಳಿಗೆ ಕೆಲಸ ಸಿಕ್ಕಿದ್ದು ನನ್ನ ಊರು ಕಾಪುವಿನಲ್ಲಿ. ಬೆಳಿಗ್ಗೆ ನಾನು ಕಾರ್ಕಳದ ಬಸ್ಸಿಗೆ ನಿಲ್ಲುವ ಹೊತ್ತಿಗೆ ಅವಳು ಉಡುಪಿಯ ಬಸ್ಸಿನಿಂದ ಇಳಿಯುತ್ತಿದ್ದಳು, ಕೈಯಲ್ಲಿ ಟಿಫಿನ್ ಡಬ್ಬಿ. ಒಂದು ದಿನ ಯಾರಿಂದಲೋ ನನ್ನ ಗುರುತು ತಿಳಿದು ನಮಸ್ಕಾರ ಮಾಡಿದಳು. ಆಮೇಲೆ ನಾನು ಆ ಹೊತ್ತಿಗೆ ಪೇಪರಿನ ಅಂಗಡಿಯ ಹಿಂದೆ ನಿಲ್ಲತೊಡಗಿದೆ.

ಸರ್ ನಿವೃತ್ತರಾದ ದಿನ ಉಡುಪಿಯ ಅವರ ಕಾಲೇಜಿನಲ್ಲಿ ಬೀಳ್ಕೊಡುಗೆ ಸಮಾರಂಭ. ನನ್ನನ್ನೂ ಕರೆದಿದ್ದರು, ಸರ್ ಅವರೇ ಪಟ್ಟಿಯಲ್ಲಿ ನನ್ನ ಹೆಸರು ಬರೆಸಿದ್ದರಂತೆ. ಹೋಗುವುದೋ ಬೇಡವೋ ಎಂದು ಬೆಳಗಿನಿಂದ ಒದ್ದಾಡಿ ಹೋದೆ. ಭಾಷಣಗಳು ಹೇಗಿರುತ್ತವೋ ಹಾಗೇ ಇದ್ದವು: ಸಮಯಪಾಲನೆ, ಶಿಸ್ತು, ಸರಳತೆ. ಪ್ಯಾಕೆಟ್ಟು ಒಡೆದ ಸುದ್ದಿ ಕೆಲವರಿಗೆ ಗೊತ್ತಿದ್ದರೂ ಅದಕ್ಕೂ ಮಗಳಿಗೂ ಇದ್ದ ಸಂಬಂಧ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ತಮ್ಮ ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮಗಳಿಗೆ ಜ್ವರ ಬಂದು ಪರೀಕ್ಷೆ ತಪ್ಪಿತೆಂದೇ ಎಲ್ಲರೂ ತಿಳಿದಿದ್ದರು. ನನ್ನ ಸರದಿ ಬಂದಾಗ ಎದ್ದು ನಿಂತೆ. ಎರಡು ಒಳ್ಳೆಯ ಮಾತು ಹೇಳಿ ಕುಳಿತುಕೊಳ್ಳುವವನಿದ್ದೆ. ಮೂರನೆಯ ಸಾಲಿನಲ್ಲಿ ಅವಳು ಕುಳಿತಿರುವುದು ಕಂಡಿತು. ಬಾಯಿ ತಾನಾಗಿ ತೆರೆಯಿತು. ಪ್ಯಾಕೆಟ್ಟು ಒಡೆದವನು ನಾನು ಎಂಬಲ್ಲಿಂದ ಹಿಡಿದು ಹತ್ತು ಗಂಟೆಯವರೆಗೆ, ಒಂದನ್ನೂ ಬಿಡದೆ, ಇಡೀ ಸಭೆಯ ಎದುರು ಹೇಳಿದೆ. ಹೇಳುವಾಗ ಅತ್ತೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸರ್ ತಲೆ ತಗ್ಗಿಸಿ ಕುಳಿತಿದ್ದರು. ನನಗೆ ಎಷ್ಟೋ ವರ್ಷದ ಹೊರೆ ಇಳಿದಂತಾಯಿತು.

ಸಭೆ ಮುಗಿದು ಚಹಾ ಕೊಡುವಲ್ಲಿ ಅವಳು ನನ್ನ ಬಳಿಗೆ ಬಂದಳು. ನಾನು ಎದ್ದು ನಿಂತು ಕ್ಷಮೆ ಕೇಳಲು ತೊಡಗಿದೆ. ಅವಳು ತಡೆದಳು.

"ನಿಮ್ಮ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ ಸರ್. ಕೈತಪ್ಪು ಯಾರಿಗೂ ಆಗ್ತದೆ. ಎಲ್ಲ ಸರಿಯಾಗಿಯೇ ಹೇಳಿದಿರಿ. ಒಂದು ಮಾತ್ರ ನಿಮಗೂ ಕಾಣಲಿಲ್ಲ."

"ಎಂತದು?"

"ಆ ದಿನ ಪಪ್ಪಾ ಯೂನಿವರ್ಸಿಟಿಯವರ ಹತ್ತಿರ ಮಾತಾಡಿದರು. ಪ್ರಿನ್ಸಿಪಾಲರ ಹತ್ತಿರ ಮಾತಾಡಿದರು. ನಿಮ್ಮ ಹತ್ತಿರವೂ ಮಾತಾಡಿದರು. ನನಗೆ, ಬರೆಯಬೇಡ ಅಂತ ಹೇಳಿ ಕಳಿಸಿದರು. ಹೀಗೆ ಆಗಿದೆ, ನೀನು ಎಂತ ಮಾಡ್ತಿ ಅಂತ ಪ್ರಿನ್ಸಿಪಾಲರ ಬಾಯಿಂದಲೇ ಕೇಳಿಸಬಹುದಿತ್ತಲ್ಲ? ನಾನು ಬರೆಯುವುದಿಲ್ಲ ಅಂತಲೇ ಹೇಳ್ತಿದ್ದೆ." ಕೈಯ ಚಹಾದ ಲೋಟ ಕೆಳಗಿಟ್ಟಳು. "ಹೇಳ್ತಿದ್ದೆನಾ ಇಲ್ವಾ ಅಂತ ಈಗ ನನಗೇ ಗೊತ್ತಿಲ್ಲ. ಅದು ಗೊತ್ತಾಗ್ಲಿಕ್ಕೆ ಪಪ್ಪಾ ಬಿಡಲಿಲ್ಲ. ಆಮೇಲೆ ಎಂ.ಎಸ್ಸಿ. ಮಾಡು ಅಂದರು. ಅದನ್ನೂ ಹೇಳಿದ್ದೇ, ಕೇಳಿದ್ದಲ್ಲ."

ಅವಳ ಹಿಂದೆ ಸರ್ ನಿಂತಿದ್ದರು. ಯಾವಾಗ ಬಂದರೋ ನಾನು ಗಮನಿಸಿರಲಿಲ್ಲ. ಕೊರಳಲ್ಲಿ ಇನ್ನೂ ಸೇವಂತಿಗೆಯ ಹಾರ, ಕೈಯಲ್ಲಿ ಮಗಳಿಗೆಂದು ತಂದ ಗೋಳಿಬಜೆಯ ತಟ್ಟೆ. ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಅವರನ್ನು ಎಷ್ಟೋ ಬಿಕ್ಕಟ್ಟಿನಲ್ಲಿ ಕಂಡಿದ್ದೆ, ಮಾತು ಹುಡುಕುವುದನ್ನು ಮಾತ್ರ ಕಂಡಿರಲಿಲ್ಲ. ಅವರ ಮನೆಮಾತು ಕೊಂಕಣಿ. ನಾನಿದ್ದೇನೆ ಎಂದೋ ಏನೋ, ಕನ್ನಡದಲ್ಲೇ ಕೇಳಿದರು, ಮಗಳೇ ಎನ್ನುವ ಒಂದು ಶಬ್ದ ಮಾತ್ರ ಕೊಂಕಣಿಯದು.

"ಈಗ ಕೇಳಿದರೆ ಆಗ್ತದಾ ಬಾಯೆ?"

ಅವಳು ತಿರುಗಿದಳು. ಅವರ ಕೈಯಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಕೊರಳಿನ ಹಾರವನ್ನು ಮೆಲ್ಲಗೆ ಬಿಡಿಸಿ ತೆಗೆದಳು, ಅಂಗಿಗೆ ಅಂಟಿದ ಎಸಳುಗಳನ್ನು ಕೊಡವಿದಳು.

"ಈಗ ಎಂತ ಕೇಳ್ತೀರಿ ಪಪ್ಪಾ?" ಎಂದಳು. "ಈಗ ಪರೀಕ್ಷೆ ಇಲ್ಲವಲ್ಲ."